1967ರ ಏರ್‌ಸ್ಟ್ರೀಮ್ ಟ್ರೇಲರ್ ತಂದಿದ್ದೇನೆ: ಮೊದಲು ಪಾಲಿಶ್ ಮಾಡಲೋ, ನೆಲ ಬಿಚ್ಚಲೋ?

ಡೇಟನ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಹಳೇ ಗಾಡಿಗಳ ಮೇಲೆ ಪ್ರೀತಿ ಇರುವವರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಓಹಾಯೋದ ಒಬ್ಬ ರೈತರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಏರ್‌ಸ್ಟ್ರೀಮ್ ಟ್ರೇಲರ್ ಕೊಂಡಿದ್ದೇನೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಅಲ್ಯೂಮಿನಿಯಂ ಮನೆಗಾಡಿ. 1967ರ ಕ್ಯಾರವೆಲ್ ಮಾಡೆಲ್, 17 ಅಡಿ, ಒಂದೇ ಆಕ್ಸಲ್. ಇವುಗಳ ಕಾರ್ಖಾನೆ ಇರುವ ಜಾಕ್ಸನ್ ಸೆಂಟರ್ ನಮ್ಮ ಮನೆಯಿಂದ ಸುಮಾರು ಒಂದು ಗಂಟೆ ದಾರಿ. ಆ ಕಡೆ ಹೋದಾಗಲೆಲ್ಲ ಬೆಳ್ಳಿ ಬಣ್ಣದ ಟ್ರೇಲರ್‌ಗಳನ್ನು ನೋಡಿ ನೋಡಿ ಆಸೆ ಹತ್ತಿತು.

ಸ್ಥಿತಿ ಹೀಗಿದೆ. ಹೊರಗಿನ ತಗಡು ಮಂಕಾಗಿದೆ. ಮೇಲಿದ್ದ ವಾರ್ನಿಶ್‌ನಂಥ ಲೇಪ ಅಲ್ಲಲ್ಲಿ ಸಿಪ್ಪೆ ಏಳುತ್ತಿದೆ. ಬಾಗಿದ ಕಿಟಕಿ ಗಾಜುಗಳಲ್ಲಿ ಒಂದು ಒಡೆದಿದೆ, ಉಳಿದವು ಸರಿ ಇವೆ. ಒಳಗೆ ಹೋದರೆ ಇಲಿ ವಾಸನೆ. ನೆಲ ಮಧ್ಯದಲ್ಲಿ ಗಟ್ಟಿಯಾಗೇ ಇದೆ.

ಮೊದಲು ಹೊರಗಡೆ ಪಾಲಿಶ್ ಮಾಡೋಣ, ಮಕ್ಕಳಿಗೂ ಹುರುಪು ಬರುತ್ತೆ, ಆಮೇಲೆ ಒಳಗಿನದು ನಿಧಾನವಾಗಿ ನೋಡೋಣ ಅಂತ ಯೋಚನೆ. ಈ ಕ್ರಮ ಸರಿನಾ?

ಗ್ಯಾರೇಜ್ ರಾಯರು

ಒಳ್ಳೇ ಗಾಡಿ ಹಿಡಿದಿದ್ದೀರಿ ಸರ್. ಆದರೆ ಪಾಲಿಶ್ ಯಂತ್ರ ಈಗಲೇ ಮುಟ್ಟಬೇಡಿ, ಕೈಮುಗಿದು ಕೇಳುತ್ತೇನೆ.

ಮೊದಲು ಆ ಕಿಟಕಿಗಳಿಗೆ ದಪ್ಪ ರಟ್ಟು ಕಟ್ಟಿ. ಚೌಕಟ್ಟಿಲ್ಲದ ಆ ಬಾಗಿದ ಗಾಜು ಕಾರ್ನಿಂಗ್ ಕಂಪನಿಯದು, 1966ರಿಂದ 68ರವರೆಗಿನ ಗಾಡಿಗಳಿಗೆ ಮಾತ್ರ ಬಂದದ್ದು. ಈಗ ಅದು ತಯಾರಾಗುವುದಿಲ್ಲ. ಒಂದು ಸ್ಪಾನರ್ ಜಾರಿ ಬಿದ್ದರೂ ಸಾಕು, ಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ಟ್ರೇಲರ್‌ನ ಗೋಡೆಯೊಳಗೆ ಕಬ್ಬಿಣದ ಕಂಬಗಳಿಲ್ಲ. ಹೊರಗೊಂದು ತಗಡು, ಒಳಗೊಂದು ತಗಡು, ನಡುವೆ ಅಲ್ಯೂಮಿನಿಯಂ ಪಕ್ಕೆಲುಬು. ಮೊಟ್ಟೆಯ ಚಿಪ್ಪಿನ ಹಾಗೆ ಆಕಾರವೇ ಅದರ ಬಲ. ಆ ಚಿಪ್ಪು ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿಯ ಮೂಲಕ ಪ್ಲೈವುಡ್ ನೆಲದ ಅಂಚಿನ ಮೇಲೆ ಕೂರುತ್ತದೆ. ನೆಲದ ಕೆಳಗೆ ಕಬ್ಬಿಣದ ಚಾಸಿ. ಮೂರನ್ನೂ ಸೇರಿಸಿ ಬೋಲ್ಟ್ ಹಾಕಿರುತ್ತಾರೆ. ಅಂದರೆ ಪ್ಲೈವುಡ್ಡಿನ ಅಂಚು ಕೊಳೆತರೆ ಬಾಡಿಗೂ ಚಾಸಿಗೂ ಸಂಬಂಧವೇ ಕಡಿದುಹೋಗುತ್ತದೆ. ಮಧ್ಯದಲ್ಲಿ ಗಟ್ಟಿ ಇದೆ ಅಂದಿರಿ. ಅದು ಯಾವಾಗಲೂ ಗಟ್ಟಿ ಇರುತ್ತೆ ಸರ್, ನೀರು ಇಳಿಯುವುದು ಗೋಡೆಗುಂಟ.

ಒಂದು ದಬ್ಬಳ ತಗೊಂಡು ಗೋಡೆಯ ಬುಡದಲ್ಲಿ ಸುತ್ತಲೂ ಚುಚ್ಚಿ ನೋಡಿ. ಬಾಗಿಲ ಹೊಸ್ತಿಲು, ಕಿಟಕಿಗಳ ಕೆಳಗೆ, ಹಿಂದಿನ ಗೋಡೆ ಇವನ್ನು ಬಿಡಬೇಡಿ. ಆಮೇಲೆ ಹಿಂದಿನ ಬಂಪರ್ ಮೇಲೆ ಯಾರನ್ನಾದರೂ ನಿಲ್ಲಿಸಿ ಮೆಲ್ಲಗೆ ಕುಲುಕಲು ಹೇಳಿ. ಬಂಪರ್ ಕೆಳಗಿಳಿದು ಬಾಡಿ ಅಲ್ಲೇ ನಿಂತರೆ ಹಿಂಭಾಗದ ನೆಲ ಹೋಗಿದೆ ಅಂತಲೇ ಅರ್ಥ.

ಆಕ್ಸಲ್ ಕೂಡ ನೋಡಿ. 1961ರಿಂದ ಇವುಗಳಿಗೆ ಪಟ್ಟೆ ಸ್ಪ್ರಿಂಗ್ ಬದಲು ರಬ್ಬರ್ ಆಕ್ಸಲ್ ಹಾಕಿದರು. ಕೊಳವೆಯೊಳಗೆ ರಬ್ಬರ್ ಕಂಬಿಗಳಿರುತ್ತವೆ, ಅವೇ ತಿರುಚಿಕೊಂಡು ಕುಲುಕಾಟ ತಡೆಯುತ್ತವೆ. ರಬ್ಬರ್‌ಗೆ ವಯಸ್ಸಾದರೆ ಕಲ್ಲಾಗುತ್ತದೆ. ಪಕ್ಕದಲ್ಲಿ ಬಗ್ಗಿ, ಆಕ್ಸಲ್‌ನಿಂದ ಚಕ್ರಕ್ಕೆ ಹೋಗುವ ತೋಳು ನೋಡಿ. ಖಾಲಿ ಗಾಡಿಯಲ್ಲಿ ಅದು ಕೆಳಮುಖವಾಗಿರಬೇಕು. ನೆಲಕ್ಕೆ ಸಮವಾಗಿದ್ದರೆ, ಇಲ್ಲ ಮೇಲಕ್ಕೆ ಎದ್ದಿದ್ದರೆ ಆಕ್ಸಲ್ ಮುಗಿಯಿತು. ಅಂಥ ಆಕ್ಸಲ್‌ನಲ್ಲಿ ಓಡಿಸಿದರೆ ರಸ್ತೆಯ ಪ್ರತಿ ಗುಂಡಿಯ ಏಟೂ ನೇರವಾಗಿ ತಗಡು ಜೋಡಿಸಿರುವ ರಿವೆಟ್ ಮೊಳೆಗಳಿಗೆ ಬೀಳುತ್ತದೆ.

ಇದೆಲ್ಲ ಬಿಟ್ಟು ಪಾಲಿಶ್ ಮಾಡಿದರೆ ಮೇಲೆ ಥಳುಕು, ಒಳಗೆ ಹುಳುಕು. ನೆಲ ಬಿಚ್ಚುವಾಗ ಕೆಳಗಿನ ಪಟ್ಟಿ ತೆಗೆಯಬೇಕು, ರಿವೆಟ್ ಕೊರೆಯಬೇಕು, ತಗಡು ಗೀರಾಗುತ್ತದೆ. ಪಾಲಿಶ್‌ನ ಜಿಡ್ಡು ಸಂದುಗಳಲ್ಲಿ ಕೂತರೆ ಆಮೇಲೆ ನೀರು ಇಳಿಯದಂತೆ ಸಂದು ಮುಚ್ಚುವ ಸೀಲೆಂಟ್ ಕೂಡ ಅಂಟುವುದಿಲ್ಲ.

ಬೆಂಗಳೂರು ಮಳೆ

ರಾಯರ ಮಾತು ಸರಿ, ಆದರೂ ಒಂದು ಮಾತು. ಇಂಥ ಕೆಲಸ ಅರ್ಧಕ್ಕೆ ನಿಲ್ಲುವುದು ದುಡ್ಡಿಲ್ಲದೆ ಅಲ್ಲ, ಮನೆಯವರ ಉತ್ಸಾಹ ಇಳಿದು. ಮಕ್ಕಳಿಗೆ ಏನಾದರೂ ಕಣ್ಣಿಗೆ ಕಾಣಬೇಕು ಅಲ್ವಾ? ಎಲ್ಲವನ್ನೂ ಕೊನೆಗೆ ಇಟ್ಟರೆ ಕೊನೆಯೇ ಬರದೆ ಇರಬಹುದು.

ಗ್ಯಾರೇಜ್ ರಾಯರು

ಒಪ್ಪಿದೆ. ಹಾಗಾದರೆ ಬಾಗಿಲ ಮೇಲೆ ಅಂಗೈಯಗಲ ಜಾಗ ಪಾಲಿಶ್ ಮಾಡಿ ಬಿಡಿ. ಮಕ್ಕಳು ಅದರಲ್ಲಿ ಮುಖ ನೋಡಿಕೊಳ್ಳಲಿ. ಮಿಕ್ಕಿದ್ದು ಕಾಯಲಿ.

ಡೇಟನ್ ಕನ್ನಡಿಗ

ರಾಯರೇ, ನೀವು ಹೇಳಿದ್ದೆಲ್ಲ ಮಾಡಿ ನೋಡಿದೆ.

ಮುಂಭಾಗ ಪರವಾಗಿಲ್ಲ. ಬಾಗಿಲ ಹೊಸ್ತಿಲ ಹತ್ತಿರ ದಬ್ಬಳ ಹಿಡಿಯವರೆಗೂ ಇಳಿಯಿತು. ಹಿಂದಿನ ಗೋಡೆಯ ಹತ್ತಿರ ದಬ್ಬಳವೇ ಬೇಕಾಗಲಿಲ್ಲ, ಪ್ಲೈವುಡ್ ಪದರ ಪದರವಾಗಿ ಕೈಗೆ ಬಂತು. ಕಪ್ಪಗೆ, ಒದ್ದೆಯಾಗಿ. ಬೆರಳಲ್ಲಿ ಹಿಂಡಿದರೆ ನೀರು ಬರುತ್ತೆ. ಒಂದು ಬೋಲ್ಟಿನ ಸುತ್ತ ಮರವೇ ಇಲ್ಲ, ಬೋಲ್ಟ್ ಸುಮ್ನೆ ತೂತಲ್ಲಿ ನಿಂತಿದೆ. ನನ್ನ ಹೆಂಡತಿ ಬಂಪರ್ ಮೇಲೆ ನಿಂತಳು, ಅದು ಒಂದು ಬೆರಳಿನಷ್ಟು ಇಳಿಯಿತು, ಬಾಡಿ ಅಲುಗಲಿಲ್ಲ. ಆಕ್ಸಲ್ ತೋಳು ನೆಲಕ್ಕೆ ಸಮವಾಗಿದೆ.

ಬಾಡಿ ಪೂರ್ತಿ ಎತ್ತಲೇಬೇಕಾ? ಇಲ್ಲ, ಕೊಳೆತಷ್ಟೇ ಕತ್ತರಿಸಿ ತೇಪೆ ಹಾಕಬಹುದಾ?

ಹುಬ್ಬಳ್ಳಿ ಬಾಡಿ ಶೆಡ್

ನಮಸ್ಕಾರ ಸರ್. ನಾನು ಬಸ್ ಬಾಡಿ ಕಟ್ಟೋ ಶೆಡ್‌ನಲ್ಲಿ ಇರುವವನು. ಟ್ರೇಲರ್ ಕಂಡಿಲ್ಲ, ಆದರೆ ಕಬ್ಬಿಣದ ಮೇಲೆ ಅಲ್ಯೂಮಿನಿಯಂ ಹೊದಿಸೋದು ನಮ್ಮ ದಿನದ ಕೆಲಸ.

ಎರಡು ಲೋಹ ನೇರವಾಗಿ ತಾಗಿ, ನಡುವೆ ಒದ್ದೆ ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಹೋಗ್ತದೆ. ಚಾಸಿ ಬಿಚ್ಚಿದ ಮೇಲೆ ತುಕ್ಕು ಪೂರ್ತಿ ಕೆರೆದು, ಪ್ರೈಮರ್, ಪೇಂಟ್ ಹೊಡೆದು, ತಾಗುವ ಕಡೆಯಲ್ಲೆಲ್ಲ ನಡುವೆ ಟೇಪ್ ಹಾಕ್ರಿ. ಪೇಂಟ್ ಒಂದನ್ನೇ ನಂಬಬ್ಯಾಡ್ರಿ, ಅದು ಉಜ್ಜಿ ಹೋಗ್ತದೆ.

ನನ್ನದೊಂದು ಪ್ರಶ್ನೆ. ನಾವು ಒಳಗೂ ಹೊರಗೂ ಪಾಪ್ ರಿವೆಟ್ ಬಳಸ್ತೀವಿ. ಇದಕ್ಕೆ ಅದು ಆಗೋದಿಲ್ಲ ಅಂತಾರೆ, ಯಾಕೆ?

ವಿಮಾನಪುರದ ಮಗಳು

ಅಣ್ಣಾ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಹೇಳಲೇಬೇಕು. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಿರಣ್ ವಿಮಾನದ ಕೆಲಸದಲ್ಲಿದ್ದರು, ರಿವೆಟ್ ಹೊಡೆಯುತ್ತಲೇ ನಿವೃತ್ತರಾದರು. ನಾನು ಈಗ ಸಿಯಾಟಲ್ ಹತ್ತಿರ ಇದ್ದೇನೆ. ನಮ್ಮದೂ ಒಂದು ಹಳೇ ಏರ್‌ಸ್ಟ್ರೀಮ್ ಇದೆ. ಅಪ್ಪ ಬಂದಾಗ ನಾವಿಬ್ಬರೂ ಸೇರಿ ಅದರ ಹಿಂಭಾಗದ ತಗಡು ಬದಲಿಸಿದೆವು.

ಪಾಪ್ ರಿವೆಟ್‌ಗೆ ನಡುವೆ ತೂತು ಇರುತ್ತದೆ, ಮಳೆ ನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಬಲವೂ ಕಮ್ಮಿ. ಒಳಗಿನ ತಗಡಿಗೆ ಅದು ಸಾಕು, ಕಂಪನಿಯವರೂ ಅಲ್ಲಿ ಅದನ್ನೇ ಹಾಕಿದ್ದಾರೆ. ಹೊರಗಿನ ತಗಡಿಗೆ ವಿಮಾನದ ಹಾಗೆ ಗಟ್ಟಿ ರಿವೆಟ್. ಅದಕ್ಕೆ ಇಬ್ಬರು ಬೇಕು. ಹೊರಗಿನವರು ಗಾಳಿಯ ಗನ್ ಹಿಡಿದು ತಲೆಯ ಮೇಲೆ ಹೊಡೆಯುತ್ತಾರೆ, ಒಳಗಿನವರು ಬಾಲಕ್ಕೆ ಡಾಲಿ, ಅಂದರೆ ಭಾರದ ಕಬ್ಬಿಣದ ತುಂಡು, ಒತ್ತಿ ಹಿಡಿಯುತ್ತಾರೆ. ಬಾಲ ಚಪ್ಪಟೆಯಾಗಿ ಎರಡು ತಗಡನ್ನೂ ಕಚ್ಚಿಕೊಳ್ಳುತ್ತದೆ.

ಅಳತೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಹೆಚ್ಚಿನ ಕಡೆ 1/8 ಇಂಚಿನ ರಿವೆಟ್, ಅದಕ್ಕೆ 30ನೇ ನಂಬರಿನ ಡ್ರಿಲ್ ಬಿಟ್. ಹಳೇ ತೂತು ಅಗಲವಾಗಿದ್ದರೆ 5/32 ಇಂಚಿನದು, ಅದಕ್ಕೆ 21ನೇ ನಂಬರ್. ತಗಡು ದಾಟಿ ಬಾಲ ರಿವೆಟ್ ದಪ್ಪದ ಒಂದೂವರೆಪಟ್ಟು ಹೊರಗೆ ಬಂದಿರಬೇಕು. ಹೊಡೆದ ಮೇಲೆ ಚಪ್ಪಟೆಯ ಅಗಲ ದಪ್ಪದ ಒಂದೂವರೆಪಟ್ಟು, ಎತ್ತರ ಅರ್ಧದಷ್ಟು. ಜಾಸ್ತಿ ಹೊಡೆದರೆ ತಗಡು ಸೊಟ್ಟಗಾಗುತ್ತದೆ, ಕಮ್ಮಿಯಾದರೆ ಸಡಿಲ.

ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅದಕ್ಕೇ ಒಳಗಿರುವವರು ತಗಡಿನ ಮೇಲೆ ತಟ್ಟಿ ಹೇಳಬೇಕು: ಒಂದು ಸಲ ತಟ್ಟಿದರೆ ಇನ್ನೂ ಹೊಡೆ, ಎರಡು ಸಲ ಅಂದರೆ ಸರಿಯಾಯಿತು, ಮೂರು ಅಂದರೆ ಕೆಟ್ಟಿತು, ಕೊರೆದು ತೆಗಿ. ಅಪ್ಪ ಗಾಡಿಯೊಳಗೆ ಡಾಲಿ ಹಿಡಿದು ಕೂತಿದ್ದರು, ನಾನು ಹೊರಗೆ ಗನ್ ಹಿಡಿದಿದ್ದೆ. ಮೊದಲ ಸಾಲಿಗೆ ಮೂರು ಮೂರು ಸಲ ತಟ್ಟುವುದೇ ಕೇಳುತ್ತಿತ್ತು. ಅವರು ಬೈಯಲಿಲ್ಲ. ಹೊರಗೆ ಬಂದು, ಗನ್ನನ್ನು ತಗಡಿಗೆ ನೇರವಾಗಿ ಹಿಡಿಯುವಂತೆ ನನ್ನ ಮೊಣಕೈ ಎತ್ತಿ ಇಟ್ಟು ಮತ್ತೆ ಒಳಗೆ ಹೋದರು. ಆಮೇಲೆ ಎರಡು ಸಲ ತಟ್ಟುವುದು ಶುರುವಾಯಿತು.

ಒಳಗೆ ಕೈ ಹೋಗದ ಕಡೆ ಒಲಿಂಪಿಕ್ ರಿವೆಟ್ ಅಂತ ಬರುತ್ತದೆ. ಹೊರಗಿನಿಂದಲೇ ಎಳೆದು, ಕಡ್ಡಿಯ ತುದಿ ಸಣ್ಣ ಯಂತ್ರದಲ್ಲಿ ಹೆರೆದರೆ ನೋಡಲು ಗಟ್ಟಿ ರಿವೆಟ್‌ನಂತೆಯೇ ಕಾಣುತ್ತದೆ. ತಲೆಯ ಕೆಳಗೆ ಸೀಲೆಂಟ್ ಹಚ್ಚುವುದು ಮರೆಯಬೇಡಿ.

ಈ ಗಾಡಿ ನೋಡಿ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಚ್‌ಎಎಲ್‌ನಲ್ಲೂ ರೈಲು ಬೋಗಿ, ಬಸ್ ಬಾಡಿ ಕಟ್ಟುತ್ತಿದ್ದರಲ್ಲ. ಆ ಬೋಗಿ ವಿಭಾಗವೇ ಆಮೇಲೆ 1964ರಲ್ಲಿ ಶುರುವಾದ ಬಿಇಎಂಎಲ್‌ಗೆ ಹೋಯಿತು. ಇಲ್ಲೂ ಕಥೆ ವಿಮಾನದ ಕಡೆಯಿಂದಲೇ ಬಂದದ್ದು. 1934ರಲ್ಲಿ ರೋಡ್ ಚೀಫ್ ಎಂಬ ಅಲ್ಯೂಮಿನಿಯಂ ಟ್ರೇಲರ್ ಮಾಡಿದ ಹಾಲಿ ಬೋಲಸ್ ಎಂಬವರು, ವಿಮಾನಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ತಯಾರಿ ನೋಡಿಕೊಂಡವರು. ಅದೇ ದಾರಿಯಲ್ಲಿ ಏರ್‌ಸ್ಟ್ರೀಮ್ ಕಂಪನಿ ಕಟ್ಟಿದ ವಾಲಿ ಬೈಯಮ್ 1936ರಲ್ಲಿ ಕ್ಲಿಪ್ಪರ್ ಎಂಬ ಟ್ರೇಲರ್ ತಂದರು.

ಹುಬ್ಬಳ್ಳಿ ಬಾಡಿ ಶೆಡ್

ಅಕ್ಕಾರ, ತಟ್ಟೋ ಲೆಕ್ಕ ನಮ್ಮ ಹುಡುಗರಿಗೆ ಓದಿ ಹೇಳಿದೆ. ನಿಮ್ಮ ತಂದೆಯವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸ್ರಿ.

ಗ್ಯಾರೇಜ್ ರಾಯರು

ಡೇಟನ್ ಸರ್, ತೇಪೆ ವಿಷಯ. ಒಂದು ಮೂಲೆಯಷ್ಟೇ ಹೋಗಿದ್ದರೆ ಬಾಡಿ ಎತ್ತದೆ ಆ ಭಾಗ ಕತ್ತರಿಸಿ ಹಾಕಬಹುದು, ಹಲವರು ಹಾಗೆ ಮಾಡಿ ಚೆನ್ನಾಗಿಯೇ ಓಡಿಸುತ್ತಿದ್ದಾರೆ. ನಿಮ್ಮದರಲ್ಲಿ ಹೊಸ್ತಿಲೂ ಹೋಗಿದೆ, ಹಿಂಭಾಗವೂ ಹೋಗಿದೆ. ನನ್ನ ಅಭಿಪ್ರಾಯದಲ್ಲಿ ಎತ್ತಿಬಿಡಿ. 17 ಅಡಿ ಅಂದರೆ ಹಗುರ, ನಾಲ್ಕು ಮೂಲೆಗೆ ಅಟ್ಟಣೆ, ಚೈನ್ ಬ್ಲಾಕ್ ಇದ್ದರೆ ಮನೆಯಂಗಳದಲ್ಲೇ ಆಗುತ್ತದೆ.

ಎತ್ತುವ ಮುಂಚೆ ಒಳಗೆ ಮರದ ಅಡ್ಡಪಟ್ಟಿ ಕೊಟ್ಟು ಪಕ್ಕೆಲುಬುಗಳನ್ನು ಒಂದಕ್ಕೊಂದು ಬಿಗಿಯಿರಿ. ನೆಲದಿಂದ ಬಿಟ್ಟ ಕೂಡಲೇ ಚಿಪ್ಪು ಅಗಲವಾಗಲು ನೋಡುತ್ತದೆ. ಇನ್ನೊಂದು, ಒಳಗಿನ ತಗಡು ತೆಗೆದ ಮೇಲೆ ಗಾಡಿಯನ್ನು ರಸ್ತೆಗೆ ತರಲೇಬೇಡಿ. ಎರಡು ತಗಡೂ ಸೇರಿದರೆ ಮಾತ್ರ ಬಲ.

ಇಲಿ ವಾಸನೆ ಬರುವುದು ಗೋಡೆಯೊಳಗಿನ ಫೈಬರ್‌ಗ್ಲಾಸ್ ಹತ್ತಿಯಿಂದ. ಅದನ್ನು ಒಣಗಿದ್ದಾಗ ಎಳೆಯಬೇಡಿ, ಗುಡಿಸಲೂ ಬೇಡಿ. ಅಮೆರಿಕದಲ್ಲಿ ಇಲಿ ಹಿಕ್ಕೆಯ ಧೂಳಿನಿಂದ ಹಂಟಾ ವೈರಸ್ ಬರುತ್ತದೆ, ಜೀವಕ್ಕೇ ಅಪಾಯ. ಬಾಗಿಲು ಕಿಟಕಿ ತೆರೆದಿಟ್ಟು, ಬ್ಲೀಚ್ ನೀರು ಸಿಂಪಡಿಸಿ ನೆನೆಸಿ, ಒಳ್ಳೇ ಮಾಸ್ಕ್, ಕೈಗವಸು ಹಾಕಿಕೊಂಡೇ ತೆಗೆಯಿರಿ. ಈ ಕೆಲಸಕ್ಕೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊಸ ಪ್ಲೈವುಡ್ ಹಳೆಯದರಷ್ಟೇ ದಪ್ಪ ಇರಲಿ, ಇಲ್ಲದಿದ್ದರೆ ಬಾಡಿ ಹಳೇ ತೂತಿಗೆ ಕೂರುವುದಿಲ್ಲ. ಅಂಚಿಗೆಲ್ಲ ಎಪಾಕ್ಸಿ ಕುಡಿಸಿ. ಗೆದ್ದಲು, ಕೊಳೆ ಹಿಡಿಯದಂತೆ ಔಷಧಿ ಹಾಕಿದ ಮರ ಬರುತ್ತಲ್ಲ, ಅದು ಮಾತ್ರ ಬೇಡ. ಅದರಲ್ಲಿ ತಾಮ್ರದ ಅಂಶ ಇರುತ್ತದೆ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಕೆಂಗೇರಿ ಕುತೂಹಲಿ

ಓದುತ್ತಾ ಓದುತ್ತಾ ಒಂದು ಪ್ರಶ್ನೆ ಬಂತು, ಬೇಜಾರು ಮಾಡಿಕೊಳ್ಳಬೇಡಿ. ಆಕ್ಸಲ್ ಹೊಸದು, ನೆಲ ಹೊಸದು, ಒಳಗಿನದೆಲ್ಲ ಹೊಸದು. ಅಷ್ಟು ಕಷ್ಟಪಡುವ ಬದಲು ಹೊಸ ಟ್ರೇಲರನ್ನೇ ತಗೋಬಹುದಲ್ವಾ?

ವಿಮಾನಪುರದ ಮಗಳು

ಬೇಜಾರೇನಿಲ್ಲ, ಎಲ್ಲರೂ ಕೇಳುವ ಪ್ರಶ್ನೆಯೇ. ಮರದ ಚೌಕಟ್ಟಿನ ಮೇಲೆ ತಗಡು ಅಂಟಿಸಿದ ಹಳೇ ಟ್ರೇಲರ್‌ಗಳಲ್ಲಿ ನೀರು ಇಳಿದರೆ ಗೋಡೆಯೇ ಕೊಳೆತು ಕೆಳಗೆ ಕೂರುತ್ತದೆ. ಇದರಲ್ಲಿ ಕೊಳೆಯುವುದು ನೆಲ ಮಾತ್ರ. ಅದನ್ನು ಬದಲಿಸಿದರೆ ಚಿಪ್ಪು ಇನ್ನೂ ಒಂದು ತಲೆಮಾರು ಬಾಳುತ್ತದೆ.

1959ರಲ್ಲಿ ವಾಲಿ ಬೈಯಮ್ ಇಂಥ ಟ್ರೇಲರ್‌ಗಳ ದಂಡು ಕಟ್ಟಿಕೊಂಡು ಕೇಪ್‌ಟೌನ್‌ನಿಂದ ಕೈರೋಗೆ ಹೊರಟರು. ಆಫ್ರಿಕಾ ಉದ್ದಕ್ಕೂ, ಕೆಸರಲ್ಲಿ, ಮರಳಲ್ಲಿ. 1969ರಲ್ಲಿ ಚಂದ್ರನಿಂದ ಬಂದ ಅಪೊಲೊ 11ರ ಮೂವರನ್ನೂ ಸೋಂಕಿನ ಭಯಕ್ಕೆ ಪ್ರತ್ಯೇಕವಾಗಿ ಇಟ್ಟದ್ದು ಏರ್‌ಸ್ಟ್ರೀಮ್ ಬಾಡಿಯ ಕೋಣೆಯಲ್ಲೇ. ಗಾಳಿಯಾಡದಂತೆ ಮುಚ್ಚಬಲ್ಲ ಗಟ್ಟಿ ಬಾಡಿ ಅದು. ಅಷ್ಟು ಒಳ್ಳೇ ಕೆಲಸ ಮಾಡಿಟ್ಟವರ ವಸ್ತುವನ್ನು ಗುಜರಿಗೆ ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಕೆಂಗೇರಿ ಕುತೂಹಲಿ

ಈಗ ಅರ್ಥವಾಯಿತು. ಫೋಟೋ ಹಾಕುತ್ತಿರಿ ಸರ್.

ಡೇಟನ್ ಕನ್ನಡಿಗ

ಬಹಳ ದಿನ ಆಯಿತು ಬರೆದು. ಬಾಡಿ ಎತ್ತಿದೆವು. ಅಕ್ಕಪಕ್ಕದವರೆಲ್ಲ ಬಂದು ಕೈ ಕೊಟ್ಟರು. ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದ ಚಾಸಿಯ ಹಿಂದಿನ ಅಡ್ಡಪಟ್ಟಿ ಸುತ್ತಿಗೆ ತಾಗಿಸಿದರೆ ಹಪ್ಪಳವಾಗಿ ಉದುರಿತು. ವೆಲ್ಡರ್ ಕರೆಸಿ ಅದನ್ನೂ, ಚಾಸಿಯಿಂದ ಪಕ್ಕಕ್ಕೆ ಚಾಚಿರುವ ಕಬ್ಬಿಣದ ಕೈಗಳಲ್ಲಿ ಕೆಲವನ್ನೂ ಹೊಸದಾಗಿ ಹಾಕಿಸಿದೆ. ಹುಬ್ಬಳ್ಳಿ ಅಣ್ಣ ಹೇಳಿದಂತೆ ಪೇಂಟ್ ಮೇಲೆ ಟೇಪ್. ಹೊಸ ರಬ್ಬರ್ ಆಕ್ಸಲ್ ಅಳತೆ ಕೊಟ್ಟು ಮಾಡಿಸಿದ್ದು, ತೋಳು ಈಗ ಸರಿಯಾಗಿ ಕೆಳಮುಖ. ನೆಲ ಹಾಕಿ ಬಾಡಿ ಕೂರಿಸಿದೆವು. ಮಗಳು ಡಾಲಿ ಹಿಡಿಯುವುದು ಕಲಿತಿದ್ದಾಳೆ. ಕಿವಿಗೆ ಮುಚ್ಚಳ ಹಾಕಿಕೊಂಡು ಒಳಗೆ ಕೂತು ತಟ್ಟುತ್ತಾಳೆ.

ಒಳಗಿನ ತಗಡು ಮುಚ್ಚುವ ಮುಂಚೆ ಸೋರುವುದನ್ನು ಪರೀಕ್ಷೆ ಮಾಡಬೇಕು. ಪೈಪಿನಲ್ಲಿ ನೀರು ಬಿಟ್ಟರೆ ಸಾಕಾ? ಸಂದಿಗೆ ಸಿಲಿಕೋನ್ ಹಚ್ಚಲಾ?

ವಿಮಾನಪುರದ ಮಗಳು

ಸಿಲಿಕೋನ್ ಬೇಡವೇ ಬೇಡ. ಒಮ್ಮೆ ಹಚ್ಚಿದ ಜಾಗದಲ್ಲಿ ಆಮೇಲೆ ಬೇರೆ ಯಾವುದೂ ಅಂಟುವುದಿಲ್ಲ, ಸಿಲಿಕೋನ್ ಮೇಲೆ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಹಳೆಯವರು ಹಚ್ಚಿದ್ದರೆ ಅದನ್ನೂ ಕೆರೆದು ತೆಗೆಯಿರಿ. ಪಾಲಿಯುರೆಥೇನ್ ಸೀಲೆಂಟ್ ಬಳಸಿ, ಅದೂ ತಗಡಿನ ಒಳಮೈಯಿಂದ, ಪ್ರತಿ ಸಂದಿಗೆ, ಪ್ರತಿ ರಿವೆಟ್ ಬಾಲಕ್ಕೆ. ಹೊರಗಡೆ ತೆಳ್ಳಗೆ ಹರಿಯುವ ಬೂದು ಸೀಲೆಂಟ್ ಸಿಗುತ್ತದೆ, ಅದರ ಒಂದು ಎಳೆ ಸಾಕು.

ನೀರು ಬಿಡುವುದಾದರೆ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ, ಪಕ್ಕೆಲುಬಿನ ಗುಂಟ ಹರಿದು ಎಲ್ಲೋ ಬೀಳುತ್ತದೆ. ಇನ್ನೂ ಖಚಿತ ಬೇಕಾದರೆ ಕಿಟಕಿ ಮುಚ್ಚಿ, ಒಂದು ಬ್ಲೋವರ್‌ನಿಂದ ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಸಿಂಪಡಿಸಿ. ಸೋರುವ ಕಡೆಯಲ್ಲೆಲ್ಲ ಗುಳ್ಳೆ ಏಳುತ್ತದೆ. ಚಾವಣಿಯ ಗಾಳಿಕಿಂಡಿಯ ಸುತ್ತ ಎರಡು ಸಲ ನೋಡಿ.

ಡೇಟನ್ ಕನ್ನಡಿಗ

ಗುಳ್ಳೆ ಪರೀಕ್ಷೆ ಮಾಡಿದೆವು. ಗಾಳಿಕಿಂಡಿ, ಹಿಂದಿನ ದೀಪದ ಸುತ್ತ, ಬಾಗಿಲ ಮೇಲಿನ ಸಂದಿ. ಎಲ್ಲ ಮುಚ್ಚಿ ಆಯಿತು. ಆಮೇಲೆ ಬಂದ ದೊಡ್ಡ ಮಳೆಗೂ ಒಳಗೆ ಒಣ.

ರಾಯರೇ, ಈಗಲಾದರೂ ಪಾಲಿಶ್‌ಗೆ ಅಪ್ಪಣೆ ಇದೆಯಾ?

ಗ್ಯಾರೇಜ್ ರಾಯರು

ಧಾರಾಳವಾಗಿ! ಆದರೆ ಮರಳು ಕಾಗದ ಎಲ್ಲೂ ತಾಗಿಸಬೇಡಿ. ಈ ತಗಡು ಆಲ್‌ಕ್ಲ್ಯಾಡ್. ಒಳಗೆ ಗಟ್ಟಿ ಮಿಶ್ರಲೋಹ, ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ. 0.032 ಇಂಚಿನ ತಗಡಿನಲ್ಲಿ ಆ ಪದರ ಸುಮಾರು 5 ಪರ್ಸೆಂಟ್, ಅಂದರೆ 0.04 ಮಿಲಿಮೀಟರ್ ಅಷ್ಟೇ. ಕನ್ನಡಿಯಂತೆ ಹೊಳೆಯುವುದೂ ಅದೇ, ಗಾಳಿ ನೀರಿನಿಂದ ಕಾಯುವುದೂ ಅದೇ. ಉಜ್ಜಿ ಕಳೆದರೆ ಮತ್ತೆ ಬರುವುದಿಲ್ಲ.

ಮೊದಲು ಹಳೇ ಲೇಪವನ್ನು ಸ್ಟ್ರಿಪ್ಪರ್, ಅಂದರೆ ಲೇಪ ಸಡಿಲಿಸುವ ರಾಸಾಯನಿಕ, ಹಾಕಿ ತೆಗೆಯಿರಿ. ಮೆಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರನ್ನು ಅಂಗಡಿಗಳಲ್ಲಿ ಜನಸಾಮಾನ್ಯರಿಗೆ ಮಾರುವುದನ್ನು ಅಮೆರಿಕ ಸರ್ಕಾರ 2019ರಲ್ಲಿ ನಿಲ್ಲಿಸಿತು. ಹಳೇ ಡಬ್ಬ ಯಾರಾದರೂ ಕೊಟ್ಟರೂ ಬೇಡ, ಮುಚ್ಚಿದ ಜಾಗದಲ್ಲಿ ಅದರ ಹೊಗೆಗೆ ಜನ ಸತ್ತಿದ್ದಾರೆ. ಬೆಂಜೈಲ್ ಆಲ್ಕೋಹಾಲ್‌ದು ಸಿಗುತ್ತದೆ, ನಿಧಾನ, ಆದರೆ ಕೆಲಸ ಮಾಡುತ್ತದೆ. ಲೋಹದ ಕೆರೆಯುವ ಪಟ್ಟಿ ಬೇಡ, ಪ್ಲಾಸ್ಟಿಕ್‌ದು ಸಾಕು.

ಆಮೇಲೆ ಉಣ್ಣೆಯ ಪ್ಯಾಡಿನಲ್ಲಿ ಒರಟು ಕಾಂಪೌಂಡ್ (ಪಾಲಿಶ್ ಮಾಡುವ ಪೇಸ್ಟ್), ನಂತರ ನಯವಾದದ್ದು. ಬಿಸಿಲಿನಲ್ಲಿ ತಗಡು ಕಾದಿರುವಾಗ ಮಾಡಬೇಡಿ, ಕಾಂಪೌಂಡ್ ಒಣಗಿ ಕಪ್ಪು ಮಸಿ ಹತ್ತಿಕೊಳ್ಳುತ್ತದೆ. ಕೊನೆಗೆ ಎರಡು ತಲೆಯ ಸೈಕ್ಲೋ ಯಂತ್ರದಲ್ಲಿ ನಯವಾದ ಕಾಂಪೌಂಡ್ ಹಾಕಿದರೆ ಸುತ್ತು ಸುತ್ತಿನ ಗುರುತು ಹೋಗುತ್ತದೆ. ಚಿಕ್ಕ ಚಿಕ್ಕ ನಗ್ಗು ಇದ್ದರೆ ಬಿಡಿ. ಪುಟ್ಟಿ ತುಂಬಿದರೆ ಪಾಲಿಶ್ ಆದಮೇಲೆ ಅದೊಂದೇ ಕಣ್ಣಿಗೆ ಹೊಡೆಯುತ್ತದೆ.

ಬೆಂಗಳೂರು ಮಳೆ

ಮಕ್ಕಳ ಆ ಅಂಗೈಯಗಲದ ಜಾಗ ಏನಾಯಿತು ಸರ್?

ಡೇಟನ್ ಕನ್ನಡಿಗ

ಮತ್ತೆ ಮಂಕಾಯಿತು ಮೇಡಂ. ಮಗ ಅದನ್ನು ತಾನೇ ಉಜ್ಜುತ್ತಾನಂತೆ, ಯಾರಿಗೂ ಬಿಡುತ್ತಿಲ್ಲ.

ಕೊನೆಯದಾಗಿ ಎರಡು ವಿಷಯ. ಹಳೇ ಗ್ಯಾಸ್ ಸ್ಟೌವ್ ನೋಡಲು ಚೆನ್ನಾಗಿದೆ, ಇಟ್ಟುಕೊಳ್ಳಬಹುದಾ? ಮತ್ತೆ ಒಡೆದ ಗಾಜಿಗೆ ಏನು ಮಾಡಲಿ?

ಗ್ಯಾರೇಜ್ ರಾಯರು

ಸ್ಟೌವ್ ಇಟ್ಟುಕೊಳ್ಳಿ. ತಾಮ್ರದ ಗ್ಯಾಸ್ ಕೊಳವೆ, ರೆಗ್ಯುಲೇಟರ್ ಹೊಸದು ಹಾಕಿಸಿ, ಲೈಸೆನ್ಸ್ ಇರುವವರಿಂದ ಒತ್ತಡ ಪರೀಕ್ಷೆ ಮಾಡಿಸಿ. ಗ್ಯಾಸ್, ಹೊಗೆ, ಕಾರ್ಬನ್ ಮಾನಾಕ್ಸೈಡ್ ಮೂರಕ್ಕೂ ಅಲಾರಂ ಬೇಕು. ಟೈರ್ ನೋಡಲು ಹೊಸದರಂತಿದ್ದರೂ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರದ್ದು. ಸಾಮಾನು ತುಂಬಿದ ಮೇಲೆ ತೂಕದ ಕಟ್ಟೆಗೆ ಒಯ್ಯಿರಿ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಮ್ಮಿಯಾದರೆ ಹೆದ್ದಾರಿಯಲ್ಲಿ ಗಾಡಿ ಬಾಲ ಆಡಿಸುತ್ತದೆ. ನೀರಿನ ಟ್ಯಾಂಕ್ ಹಿಂದೆ ಇಟ್ಟಿದ್ದರೆ ತುಂಬಿಸಿಯೂ ಒಮ್ಮೆ ತೂಗಿ.

ಗಾಜಿಗೆ ಸದ್ಯಕ್ಕೆ ಪಾಲಿಕಾರ್ಬೊನೇಟ್ ಹಾಳೆಯನ್ನು ಅದೇ ಬಾಗಿಗೆ ಬಗ್ಗಿಸಿ ಹಾಕಿ. ಪಕ್ಕದ ಸರಿ ಇರುವ ಗಾಜನ್ನು ಅಳತೆಗೆ ಅಂತ ಬಿಚ್ಚಬೇಡಿ, ಇದ್ದಲ್ಲೇ ರಟ್ಟು ಒತ್ತಿ ನಕ್ಷೆ ತೆಗೆಯಿರಿ. ಅಗಲ, ಎತ್ತರ ನನಗೆ ಕಳಿಸಿ. ನನ್ನ ಶೆಡ್‌ನಲ್ಲಿ ಆ ಕಾಲದ ಒಂದು ಮೂಲ ಗಾಜು ಇದೆ, ಹೊಂದಿದರೆ ಅದು ನಿಮ್ಮದೇ.